ಅಳತೆ ಪುಸ್ತಕ

ಬೇರೆ ಕಾಗದ ಯಾಕೆ ದಂಡ,
ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ
ಮನೆಯ ಲೆಕ್ಕವನ್ನೂ ಬರೆದೆ.
ಎದೆ, ಸೊಂಟ, ತೋಳು, ಉದ್ದ ಎಂದು
ಮೊದಲೇ ಗೆರೆ ಎಳೆದ ನಾಲ್ಕು ಮನೆಗಳು.
ಎದೆಯ ಮನೆಗೆ ಸಿಮೆಂಟು, ಸೊಂಟಕ್ಕೆ ಕಬ್ಬಿಣ,
ತೋಳಿಗೆ ಲಾರಿಯ ಬಾಡಿಗೆ,
ಉದ್ದಕ್ಕೆ ತಗಡು.
ಹಿಂದಿನ ಪುಟದಲ್ಲಿ ಪಾದ್ರಿಯ ಹೆಂಡತಿ,
ಎದೆ ನಲವತ್ತಾರು, ದುಡ್ಡು ಇನ್ನೂ ಕೊಟ್ಟಿಲ್ಲ.
ಅದನ್ನೂ ಆದಾಯಕ್ಕೆ ಸೇರಿಸಿದೆ.

ಆನ್‌ಲೋಗಾದಲ್ಲಿ, ಸಣ್ಣ ಈರುಳ್ಳಿಯ ಮಡಿಗಳ ಆಚೆ,
ಎಪ್ಪತ್ತು-ನೂರರ ಒಂದು ಸೈಟು, ಪೂರಾ ಮರಳು.
ಕೇಟಾದ ಹಳೇ ಮನೆ ಎಲ್ಲಿತ್ತೋ ಅಲ್ಲೀಗ ಮೀನು.
ಅದರ ಮಾತು ಸಾಕು.
ಭಾನುವಾರ ಚರ್ಚು ಬಿಟ್ಟ ಮೇಲೆ ಎಲ್ಲರೂ ಹೋದೆವು.
ಸೆಲೋರ್ಮ್ ಹಿಮ್ಮಡಿಯಲ್ಲಿ ಗೆರೆ ಎಳೆದ,
ಹಿಂದೆ ಎಡೆಮ್ ಒಲೆಬೂದಿ ಉದುರಿಸುತ್ತ ಬಂದ,
ನಾನು ಟೇಪು ಹಿಡಿದೆ. ನನ್ನ ಅರವತ್ತಿಂಚಿನ ಟೇಪಿಗೆ
ಗೋಡೆಯೆಂದರೆ ಬಲು ದೊಡ್ಡ ಮೈ,
ಎಂಟು ಸಲ ಬಗ್ಗಿ ಎದ್ದರೂ ಮುಗಿಯದು.

ಸಂಜೆಗೆ ಮನೆಯಾಯಿತು. ಒಂದು ಹಾಲ್, ಮೂರು ಕೋಣೆ,
ಅಡುಗೆಗೊಂದು, ನನ್ನ ಹೊಲಿಗೆ ಮಿಷನ್ನಿಗೊಂದು.
ಬೂದಿಯ ಗೋಡೆ ಬೆರಳೆತ್ತರವೂ ಇಲ್ಲ,
ಆದರೂ ಯಾರೂ ದಾಟಲಿಲ್ಲ, ಮೇಕೆಯೊಂದನ್ನು ಬಿಟ್ಟು.
ಮಂಚದ ಜಾಗದಲ್ಲಿ ಸೆಲೋರ್ಮ್ ಉದ್ದಕ್ಕೆ ಮಲಗಿ ನೋಡಿದ:
ತಲೆ ಕಿಟಕಿಗೆ ತಾಗಿತು,
ಹಿಮ್ಮಡಿ ಅಡುಗೆಮನೆಗೆ ಹೋಯಿತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರು
ಇವನ ಕಾಲು ನೋಡಿಲ್ಲ.

ಅತ್ತೆ ಕಫೂಯಿ ಮಾತ್ರ ಒಳಗೆ ಬಂದಿರಲಿಲ್ಲ.
ಬಾಗಿಲೆಂದು ಬಿಟ್ಟ ಮೂರಡಿಯ ಎದುರು
ಚಪ್ಪಲಿ ಕಳಚಿ ನಿಂತು, "ಅಗೋ!" ಎಂದಳು,
ನಮ್ಮಲ್ಲಿ ಹೊಸಿಲಾಚೆಯಿಂದ ಕರೆಯುವುದು ಹಾಗೆ.
ಒಳಗಿದ್ದ ನಮಗೆ ಉತ್ತರವೇ ಹೊಳೆಯಲಿಲ್ಲ.
ಕೊನೆಗೆ ಯಾಯ್ರಾ, ಮೇಕೆಯ ಕಿವಿ ಹಿಡಿದುಕೊಂಡೇ,
"ಅಮೇ" ಎಂದಳು.
ಅತ್ತೆ ಬಂದು, ಹಾಲ್ ದಾಟಿ, ಎಡಕ್ಕೆ ತಿರುಗಿ,
ಸುತ್ತಿ ಬಳಸಿ ತನ್ನ ಕೋಣೆ ಸೇರಿ,
"ಕಕ್ಕಸು ಎಲ್ಲಿ?" ಎಂದು ಕೇಳಿದಳು.

ಮರೆತಿದ್ದೆವು.

ಸೋಮವಾರ ಸೈಟಿಗೆ ಮೇಸ್ತ್ರಿ ಅಗ್ಬೆಕೊ ಬಂದ.
ಚೀಲಕ್ಕೆ ತೊಂಬತ್ತೆಂಟು ಸೇಡಿ ಇದ್ದದ್ದು
ನೂರಾ ಹದಿನಾರಾಗಿದೆ ಅಂದ.
ಎಂಬತ್ತು ಚೀಲಕ್ಕೆ ಸಾವಿರದ ನಾನೂರ ನಲವತ್ತು ಹೆಚ್ಚು.
ನನ್ನ ಲೆಕ್ಕದಲ್ಲಿ ನಲವತ್ತೆಂಟು ಶಾಲೆಯ ಅಂಗಿ,
ಕಾಜಾ ಗುಂಡಿ ಸೇರಿ.
ಕಕ್ಕಸು ಬೇರೆ. "ಒಂದು ಕೋಣೆ ತೆಗೀರಿ" ಅಂದ.
ಎಲ್ಲರ ಕಣ್ಣೂ ಮಿಷನ್ನಿನ ಕೋಣೆಯ ಕಡೆ ಹೊರಳಿತು.
ಅಳಿಸಲು ಸೆಲೋರ್ಮ್ ಕಾಲು ಎತ್ತಿಯೂ ಆಗಿತ್ತು.
"ಉಳಿದವಕ್ಕೆ ಸಿಮೆಂಟು ತರುವುದೇ ಆ ಕೋಣೆ" ಎಂದೆ.
ಕಾಲು ಇಳಿಯಿತು, ಗೆರೆಯ ಈಚೆ.

ತೆಗೆಯುವುದು ಬೇಡ, ಮಡಿಚೋಣ.
ಬೆಳೆಯುವ ಹುಡುಗಿಗೆ ಲಂಗ ಹೊಲಿಯುವಾಗ
ಅಂಚನ್ನು ನಾಲ್ಕಿಂಚು ಒಳಗೆ ಮಡಿಚಿ
ಕಚ್ಚಾ ಹೊಲಿಗೆ ಹಾಕುವುದಿಲ್ಲವೆ, ಹಾಗೆ.
ಈಗ ಎರಡೇ ಕೋಣೆ. ಆ ಮೂಲೆಯ ಕಂಬಗಳಲ್ಲಿ
ಕಂಬಿಯ ತುದಿ ಹೊರಗೇ ಇರಲಿ, ತುಕ್ಕು ಹಿಡಿದರೂ ಹಿಡಿಯಲಿ,
ಯಾವತ್ತೋ ಬಿಚ್ಚಿದರಾಯಿತು.
ಹಾಲ್ ಎರಡು ಗಜ ಕಿರಿದು.
ವರ್ಷಕ್ಕೆರಡು ಸಲ ಬರುವ ನೆಂಟರು
ಮೊಣಕಾಲು ಮುದುರಿ ಕೂರಲಿ.
ಅಗ್ಬೆಕೊ ತಲೆ ಕೆರೆದುಕೊಂಡ. ಸೆಲೋರ್ಮ್ ಮಾತಾಡಲಿಲ್ಲ,
ಅವನಿಗೆ ಹಾಲ್ ಎಂದರೆ ಪ್ರಾಣ.
ಸೊಂಟದ ಮನೆಯ ಅಂಕಿ ಹೊಡೆದು ಬೇರೆ ಬರೆದೆ,
ಪೆನ್ಸಿಲಿನಲ್ಲಿ.

ಮಂಗಳವಾರ ನಸುಕಿಗೆ ಕಂಬದ ಗುರುತು ಹಾಕಲು ಹೋದರೆ
ಯಾಯ್ರಾ ಆಗಲೇ ಅಲ್ಲಿದ್ದಳು.
ದಿನಾ ಬಾಡಿಗೆಮನೆಯ ಅಂಗಳ ಗುಡಿಸುವ ಹುಡುಗಿ
ಗರಿಕಡ್ಡಿ ಪೊರಕೆ ಹಿಡಿದು ಇಲ್ಲಿ ಗುಡಿಸುತ್ತಿದ್ದಳು,
ಕೋಣೆಯಿಂದ ಕೋಣೆಗೆ, ಒಂದು ಗೆರೆಯನ್ನೂ ಕೆಡಿಸದೆ.
ಮೂಲೆ ಮೂಲೆಯ ಮರಳು ಒಟ್ಟುಮಾಡಿ,
ಬಾಗಿಲಿನ ತನಕ ತಳ್ಳಿಕೊಂಡು ಬಂದು,
ಆಚೆಯ ಮರಳಿಗೆ ಚೆಲ್ಲಿದಳು.